ಜಮಖಂಡಿಯಿಂದ ವಿಜಯದುರ್ಗದವರೆಗೆ: ಡಾಪ್ಲರ್ ಪರಿಣಾಮದ ಇತಿಹಾಸದಲ್ಲಿ ನಮ್ಮ ಸೀಮೆ

1868ರ ಆಗಸ್ಟ್ 18ರ ಬೆಳಗ್ಗೆ ಚಂದ್ರನ ನೆರಳು ಏಡನ್ನಿನ ಕಡೆಯಿಂದ ಅರಬ್ಬೀ ಸಮುದ್ರವನ್ನು ದಾಟಿ ಕೊಂಕಣದ ಕರಾವಳಿಯನ್ನು ಮುಟ್ಟಿತು. ಅಲ್ಲಿಂದ ಸಹ್ಯಾದ್ರಿಯನ್ನೇರಿ, ಪಂಚಗಂಗೆ ಹಿರಣ್ಯಕೇಶಿಗಳ ಬಯಲನ್ನು ಮುಸುಕಿ, ಜಮಖಂಡಿ ವಿಜಾಪುರಗಳ ಮೇಲೆ ಹಾದು, ಗುಂಟೂರು ಮಚಲೀಪಟ್ಟಣಗಳ ಮೂಲಕ ಬಂಗಾಳಕೊಲ್ಲಿಗಿಳಿದು ಸಯಾಮ್ ದೇಶದತ್ತ ಸಾಗಿತು. ನೆರಳಿನ ಪಟ್ಟಿ ಇನ್ನೂರು ಕಿಲೋಮೀಟರಿಗೂ ಅಗಲವಾಗಿತ್ತು. ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಮೂರೂ ಆ ಪಟ್ಟಿಯೊಳಗೇ ಇದ್ದವು. ಮಳೆಗಾಲದ ಮೋಡಗಳ ಹಿಂದೆ ಸುಮಾರು ಐದು ನಿಮಿಷಗಳ ಕಾಲ ನಮ್ಮ ಹಿರಿಯರ ಹಗಲು ರಾತ್ರಿಯಾಯಿತು.

ಗ್ರಹಣವೆಂದರೆ ಬಾಗಿಲು ಮುಚ್ಚುವುದು, ತಟ್ಟೆಯ ನೀರಿನಲ್ಲಿ ಒನಕೆ ನಿಲ್ಲಿಸುವುದು, ಬಿಟ್ಟ ಮೇಲೆ ನದಿಗಿಳಿದು ಸ್ನಾನ ಮಾಡುವುದು. ಇದು ನಮ್ಮ ಕಡೆಯ ಹಳೆಯ ರೂಢಿ. 1980ರ ಫೆಬ್ರವರಿ 16ರಂದು ಕಾರವಾರ ಅಂಕೋಲೆಗಳ ಮೇಲೆ ಖಗ್ರಾಸ ಗ್ರಹಣವಾದಾಗ ನಮ್ಮಲ್ಲಿ ಹಲವರು ಚಿಕ್ಕ ತರಗತಿಗಳಲ್ಲಿದ್ದೆವು. ನಮ್ಮೂರಲ್ಲಿ ಗ್ರಹಣ ಪಾರ್ಶ್ವವಾಗಿದ್ದರೂ ಮಧ್ಯಾಹ್ನದ ಬೀದಿಗಳು ನಿರ್ಜನವಾಗಿದ್ದುದು ಇಂದಿಗೂ ಕಣ್ಣಮುಂದಿದೆ. ಹಾಗಾಗಿ 1868ರಲ್ಲಿ ನಮ್ಮವರು ಏನು ಮಾಡುತ್ತಿದ್ದಿರಬಹುದೆಂದು ಊಹಿಸುವುದು ಕಷ್ಟವಲ್ಲ. ಆದರೆ ಅದೇ ಬೆಳಗ್ಗೆ, ಇಚಲಕರಂಜಿಯಿಂದ ನೇರ ಅಳತೆಯಲ್ಲಿ ನೂರು ಕಿಲೋಮೀಟರು ಕೂಡ ಇರದ ಜಮಖಂಡಿಯಲ್ಲಿ, ಒಬ್ಬ ಸೈನ್ಯಾಧಿಕಾರಿ ಮೋಡಗಳ ಬಿರುಕಿಗಾಗಿ ಕಾಯುತ್ತ ದುರ್ಬೀನಿಗೆ ಕಣ್ಣಿಟ್ಟು ನಿಂತಿದ್ದನು. ಅವನು ಕಂಡ ಮೂರು ಬೆಳಕಿನ ಗೆರೆಗಳು ಒಂದು ದೊಡ್ಡ ಕಥೆಯ ಭಾಗ. ಸದ್ದಿನ ಶ್ರುತಿಯಿಂದ, ಬೆಳಕಿನ ಗೆರೆಯಿಂದ, ದೂರದ ವಸ್ತುವಿನ ಓಟವನ್ನು ಮನುಷ್ಯ ಅಳೆಯಲು ಕಲಿತ ಕಥೆ ಅದು. ಶತಮಾನೋತ್ಸವದ ಈ ಸಂಚಿಕೆಗೆ ನಾವು ಅದನ್ನು ಆರಿಸಿಕೊಂಡುದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು, ಭೌತಶಾಸ್ತ್ರದ ಪಾಠದಲ್ಲಿ ‘ಡಾಪ್ಲರ್ ಪರಿಣಾಮ’ ಎಂದು ಅರ್ಧ ಪುಟದಲ್ಲಿ ಮುಗಿದುಹೋಗುವ ವಿಷಯದ ಹಿಂದೆ ನಮ್ಮ ನೆಲದ ಹೆಸರುಗಳಿವೆ. ಎರಡನೆಯದು, ಆ ಹೆಸರುಗಳ ಸುತ್ತ ಒಂದು ತಪ್ಪು ಕಥೆಯೂ ಬೆಳೆದುಕೊಂಡಿದೆ.

ಕಥೆ ಆರಂಭವಾಗುವುದು ನಮ್ಮಿಂದ ಬಹುದೂರದ ಪ್ರಾಗ್ ನಗರದಲ್ಲಿ. ಕ್ರಿಶ್ಚಿಯನ್ ಡಾಪ್ಲರ್ 1803ರಲ್ಲಿ ಆಸ್ಟ್ರಿಯದ ಸಾಲ್ಸ್‌ಬರ್ಗಿನ ಕಲ್ಲುಕುಟಿಗರ ಮನೆತನದಲ್ಲಿ ಹುಟ್ಟಿದನು. ಮೈಯಲ್ಲಿ ಕಸುವಿಲ್ಲದ್ದರಿಂದ ಮನೆತನದ ಕಸುಬಿಗೆ ಒಗ್ಗದೆ ಓದಿಗೆ ಬಂದನು. ಕೆಲಸ ಸಿಗದೆ ಬೇಸತ್ತು ಅಮೆರಿಕಕ್ಕೆ ವಲಸೆ ಹೋಗಲು ಸಾಮಾನುಗಳನ್ನೆಲ್ಲ ಮಾರಿ ಸಿದ್ಧನಾಗಿದ್ದಾಗ ಪ್ರಾಗಿನಲ್ಲಿ ಅಧ್ಯಾಪಕ ಹುದ್ದೆ ದೊರೆಯಿತು. ಅಲ್ಲಿ ನೂರಾರು ವಿದ್ಯಾರ್ಥಿಗಳ ಪರೀಕ್ಷೆ ನಡೆಸುವುದರಲ್ಲೇ ಅವನ ಆರೋಗ್ಯ ಕೆಟ್ಟಿತು. ಅಂಕ ಕೊಡುವುದರಲ್ಲಿ ಬಹಳ ಬಿಗಿಯೆಂದು ವಿದ್ಯಾರ್ಥಿಗಳು ದೂರಿತ್ತು, ಮೇಲಿನವರು ಅವನಿಗೆ ಛೀಮಾರಿಯನ್ನೂ ಹಾಕಿದರು. (ನಮ್ಮ ಶಾಲೆಯ ಹಳೆಯ ಗುರುಗಳಲ್ಲಿ ಕೆಲವರಿಗೆ ಈ ಸಾಲು ಓದಿ ಸಮಾಧಾನವಾಗಬಹುದು.) 1842ರ ಮೇ 25ರಂದು ಅವನು ಬೊಹೀಮಿಯದ ವಿಜ್ಞಾನ ಸಂಘದ ಮುಂದೆ ಒಂದು ಪ್ರಬಂಧವನ್ನು ಓದಿದನು. ಕೇಳಲು ಬಂದವರು ಕೇವಲ ಐವರೆಂದೂ ಜೊತೆಗೆ ಒಬ್ಬ ಲಿಪಿಕಾರನಿದ್ದನೆಂದೂ ಹೇಳುವುದುಂಟು.

ಪ್ರಬಂಧದ ವಿಷಯ ಜೋಡಿ ನಕ್ಷತ್ರಗಳ ಬಣ್ಣ. ಒಂದರ ಸುತ್ತ ಒಂದು ತಿರುಗುವ ಇಂತಹ ನಕ್ಷತ್ರಗಳಲ್ಲಿ ಒಂದು ಕೆಂಪಾಗಿಯೂ ಮತ್ತೊಂದು ನೀಲಿಯಾಗಿಯೂ ಕಾಣುವುದುಂಟು. ನಕ್ಷತ್ರಗಳೆಲ್ಲ ನಿಜದಲ್ಲಿ ಬಿಳಿಯವೇ, ನಮ್ಮತ್ತ ಬರುವುದು ನೀಲಿಯಾಗಿ, ನಮ್ಮಿಂದ ದೂರ ಸರಿಯುವುದು ಕೆಂಪಾಗಿ ಕಾಣುತ್ತದೆ ಎಂದು ಡಾಪ್ಲರ್ ವಾದಿಸಿದನು. ಅಲೆಯ ಮೂಲವಾಗಲಿ ನೋಡುವವನಾಗಲಿ ಚಲಿಸಿದರೆ, ಒಂದು ಕ್ಷಣದಲ್ಲಿ ನಮ್ಮನ್ನು ಮುಟ್ಟುವ ಅಲೆಗಳ ಎಣಿಕೆ ಬದಲಾಗುತ್ತದೆ. ಅಂದರೆ ಆವೃತ್ತಿ ಬದಲಾಗುತ್ತದೆ. ಈ ಮೂಲ ತತ್ತ್ವ ಸರಿಯಾಗಿತ್ತು. ಅದನ್ನು ಸಾಧಿಸಲು ಅವನು ಆರಿಸಿಕೊಂಡ ಉದಾಹರಣೆ ಪೂರ್ತಿ ತಪ್ಪಾಗಿತ್ತು.

ತತ್ತ್ವವನ್ನು ಕಬ್ಬಿನ ಸುಗ್ಗಿಯ ಲೆಕ್ಕದಲ್ಲಿ ಹೇಳಿಬಿಡುತ್ತೇವೆ. ಒಂದು ಗದ್ದೆಯಿಂದ ಸಕ್ಕರೆ ಕಾರ್ಖಾನೆಗೆ ಹದಿನೈದು ನಿಮಿಷಕ್ಕೊಂದರಂತೆ ಎತ್ತಿನ ಗಾಡಿಗಳು ಹೊರಡುತ್ತವೆ, ಎಲ್ಲವೂ ಗಂಟೆಗೆ 4 ಕಿ.ಮೀ. ವೇಗದಲ್ಲಿ ನಡೆಯುತ್ತವೆ ಎಂದುಕೊಳ್ಳಿ. ಆಗ ಗಾಡಿಯಿಂದ ಗಾಡಿಗೆ 1 ಕಿ.ಮೀ. ಅಂತರ. ಕಾರ್ಖಾನೆಯ ಬಾಗಿಲಲ್ಲಿ ನಿಂತವನಿಗೆ ಹದಿನೈದು ನಿಮಿಷಕ್ಕೊಂದು ಗಾಡಿ ಸಿಗುತ್ತದೆ. ಅವನೇ ಗಾಡಿಗಳಿಗೆ ಎದುರಾಗಿ ಗಂಟೆಗೆ 1 ಕಿ.ಮೀ. ವೇಗದಲ್ಲಿ ನಡೆದರೆ ಹನ್ನೆರಡು ನಿಮಿಷಕ್ಕೊಂದು ಸಿಗುತ್ತದೆ. ಅವನು ಬಾಗಿಲಲ್ಲೇ ನಿಂತು, ಗಾಡಿ ತುಂಬುವ ಜಾಗವೇ ಅಷ್ಟೇ ವೇಗದಲ್ಲಿ ಕಾರ್ಖಾನೆಯತ್ತ ಸರಿಯುತ್ತ ಬಂದರೆ? ಒಂದು ಗಾಡಿ ಹೊರಟ ಮೇಲೆ ಮುಂದಿನದು ಕಾಲು ಕಿಲೋಮೀಟರು ಮುಂದಿನಿಂದ ಹೊರಡುತ್ತದೆ. ಅಂತರ ಮುಕ್ಕಾಲು ಕಿಲೋಮೀಟರಿಗೆ ಇಳಿಯುತ್ತದೆ, ಹನ್ನೊಂದೂಕಾಲು ನಿಮಿಷಕ್ಕೊಂದು ಗಾಡಿ ಬರುತ್ತದೆ. ಎರಡೂ ಸಲ ಎಣಿಕೆ ಹೆಚ್ಚಿತು, ಆದರೆ ಒಂದೇ ಪ್ರಮಾಣದಲ್ಲಿ ಅಲ್ಲ. ಸದ್ದಿನ ವಿಷಯದಲ್ಲಿ ಈ ವ್ಯತ್ಯಾಸ ನಿಜ, ಏಕೆಂದರೆ ಗಾಡಿಗೆ ರಸ್ತೆಯಿರುವಂತೆ ಸದ್ದಿಗೆ ಗಾಳಿಯಿದೆ. ಬೆಳಕಿಗೆ ಅಂತಹ ರಸ್ತೆಯಿಲ್ಲ. ಅಲ್ಲಿ ಮೂಲಕ್ಕೂ ನೋಡುವವನಿಗೂ ನಡುವಿನ ಪರಸ್ಪರ ವೇಗವೊಂದೇ ಲೆಕ್ಕಕ್ಕೆ ಬರುತ್ತದೆಂಬುದು 1905ರಲ್ಲಿ ಐನ್‌ಸ್ಟೈನನಿಂದ ಸ್ಪಷ್ಟವಾಯಿತು. ಡಾಪ್ಲರನ ಕಾಲಕ್ಕೆ ಅದು ಯಾರಿಗೂ ತಿಳಿದಿರಲಿಲ್ಲ.

ತತ್ತ್ವವನ್ನು ಮೊದಲು ಕಿವಿಯಿಂದ ಪರೀಕ್ಷಿಸಿದವನು ಹಾಲೆಂಡಿನ ಬಾಯ್ಸ್ ಬ್ಯಾಲಟ್. ಅವನು ಹೊರಟದ್ದು ಡಾಪ್ಲರನ ಮಾತನ್ನು ಸಂಶಯದಿಂದ ಒರೆಗೆ ಹಚ್ಚಲು. 1845ರ ಫೆಬ್ರವರಿಯಲ್ಲಿ ಮಾಡಿದ ಮೊದಲ ಯತ್ನ ಹಿಮ ಚಳಿಗಳಿಂದ ಕೆಟ್ಟಿತು. ಜೂನಿನಲ್ಲಿ ಯುಟ್ರೆಕ್ಟಿನ ಬಳಿಯ ರೈಲುದಾರಿಯಲ್ಲಿ ಕಹಳೆ ಊದುವವರನ್ನು ಎಂಜಿನ್ನಿನೊಡನೆ ಓಡಿಸಿ, ಶ್ರುತಿಜ್ಞಾನವುಳ್ಳ ಸಂಗೀತಗಾರರನ್ನು ಹಳಿಯ ಪಕ್ಕದಲ್ಲಿ ನಿಲ್ಲಿಸಿ ಕೇಳಿಸಿದನು. ಬರುವಾಗ ಸ್ವರ ಏರಿತು, ಹೋಗುವಾಗ ಇಳಿಯಿತು. ಅಂದು ಬೇಕಾದ ಉಪಕರಣ ಮನುಷ್ಯನ ಕಿವಿಯೊಂದೇ.

ಕೊಲ್ಹಾಪುರಕ್ಕೆ ರೈಲು ಬಂದದ್ದು 1891ರಲ್ಲಿ, ಮಿರಜಿನಿಂದ. ಆ ಹಳಿಯ ಪಕ್ಕದಲ್ಲಿ ನಿಂತು ಒಮ್ಮೆ ಕಿವಿಗೊಡಿ. ಗಾಡಿ ಗಂಟೆಗೆ 72 ಕಿ.ಮೀ. ವೇಗದಲ್ಲಿ, ಅಂದರೆ ಸೆಕೆಂಡಿಗೆ 20 ಮೀಟರಿನಂತೆ, ಶಿಳ್ಳೆ ಹಾಕುತ್ತ ಹಾದುಹೋಯಿತೆನ್ನಿ. ಸದ್ದಿನ ವೇಗವನ್ನು 340 ಮೀಟರೆಂದು ಹಿಡಿದರೆ, ಬರುವಾಗ ಕೇಳುವ ಶ್ರುತಿಗೂ ಹೋಗುವಾಗ ಕೇಳುವ ಶ್ರುತಿಗೂ ಇರುವ ಅನುಪಾತ 360ಕ್ಕೆ 320, ಎಂದರೆ 9ಕ್ಕೆ 8. ಸಂಗೀತ ಬಲ್ಲವರಿಗೆ ಈ ಸಂಖ್ಯೆ ಪರಿಚಿತ: ಶುದ್ಧ ರಿಷಭಕ್ಕೂ ಷಡ್ಜಕ್ಕೂ ಇರುವ ಅಂತರವದು. ಗಾಡಿ ನಮ್ಮನ್ನು ದಾಟುವ ಹೊತ್ತಿನಲ್ಲಿ ಶಿಳ್ಳೆ ‘ರಿ’ಯಿಂದ ‘ಸ’ಕ್ಕೆ ಜಾರುತ್ತದೆ. ಅಲ್ಲಾದಿಯಾ ಖಾನರು ಆಸ್ಥಾನ ಗಾಯಕರಾಗಿದ್ದ ಊರು ಕೊಲ್ಹಾಪುರ. ಅವರ ಮಕ್ಕಳಾದ ಮಂಜೀಖಾನ್ ಮತ್ತು ಭುರ್ಜೀಖಾನರಲ್ಲಿ ಕಲಿತು ನಮ್ಮ ಮಲ್ಲಿಕಾರ್ಜುನ ಮನಸೂರರು ಆ ಪರಂಪರೆಯನ್ನು ಧಾರವಾಡಕ್ಕೆ ತಂದರು. ಇಂತಹ ಊರಿನಲ್ಲಿ ಹಳಿಯ ಪಕ್ಕ ನಿಲ್ಲಿಸಲು ಕಿವಿಗಳಿಗೆ ಕೊರತೆಯಿರುತ್ತಿರಲಿಲ್ಲ. 1904ರಲ್ಲಿ ಮೊದಲ ವಿದ್ಯುತ್ ಮಗ್ಗ ಬಂದ ಇಚಲಕರಂಜಿಯ ಗಲ್ಲಿಗಳಲ್ಲಿ ಮಾತ್ರ ಇದನ್ನು ಪರೀಕ್ಷಿಸಲಾಗದು. ಮಗ್ಗ ನಿಂತಲ್ಲೇ ಬಡಿಯುತ್ತದೆ, ನಾವು ನಡೆಯುವ ವೇಗದಿಂದಾಗುವ ಬದಲಾವಣೆ ನೂರಕ್ಕೆ ಅರ್ಧವೂ ಇಲ್ಲ. ಅದನ್ನು ಯಾವ ಕಿವಿಯೂ ಹಿಡಿಯದು.

ಬೆಳಕಿನದು ಇದೇ ತೊಡಕು, ಸಾವಿರಾರು ಪಟ್ಟು ದೊಡ್ಡದಾಗಿ. ಬೆಳಕಿನ ವೇಗ ಸೆಕೆಂಡಿಗೆ 3 ಲಕ್ಷ ಕಿ.ಮೀ. ಸೂರ್ಯನ ಸುತ್ತ ನಮ್ಮ ಭೂಮಿ ಓಡುವ ವೇಗ ಸೆಕೆಂಡಿಗೆ 30 ಕಿ.ಮೀ. ಅಷ್ಟು ವೇಗದಿಂದಲೂ ಬೆಳಕಿನ ಆವೃತ್ತಿ ಬದಲಾಗುವುದು ಹತ್ತು ಸಾವಿರದಲ್ಲಿ ಒಂದು ಪಾಲು ಮಾತ್ರ. ಅದರಿಂದ ಬಿಳಿಯ ನಕ್ಷತ್ರ ಕೆಂಪಾಗುವ ಮಾತೇ ಇಲ್ಲ. ಅದಲ್ಲದೆ ನಕ್ಷತ್ರದ ಬೆಳಕು ಒಂದೇ ಸ್ವರವಲ್ಲ. ನೇರಳೆಯ ಆಚೆಗೂ ಕೆಂಪಿನ ಆಚೆಗೂ ಕಾಣದ ಕಿರಣಗಳು ಇವೆ. ಎಲ್ಲವೂ ಒಂದೇ ಕಡೆಗೆ ತುಸು ಸರಿದರೆ, ಒಂದು ಕೊನೆಯಲ್ಲಿ ಖಾಲಿಯಾದುದು ಇನ್ನೊಂದು ಕೊನೆಯಿಂದ ತುಂಬಿಕೊಳ್ಳುತ್ತದೆ, ಬಣ್ಣ ಇದ್ದಂತೆಯೇ ಇರುತ್ತದೆ. ಸದ್ದಿನಲ್ಲಿ ಡಾಪ್ಲರನನ್ನು ಸಮರ್ಥಿಸಿದ ಬಾಯ್ಸ್ ಬ್ಯಾಲಟನೇ ನಕ್ಷತ್ರಗಳ ಬಣ್ಣದ ವಿಷಯದಲ್ಲಿ ಹೀಗೆ ಅವನನ್ನು ಒಪ್ಪಲಿಲ್ಲ. ಡಾಪ್ಲರ್ ತನ್ನ ವಾದವನ್ನು ಬಿಡದೆ 1853ರಲ್ಲಿ ವೆನಿಸ್ಸಿನಲ್ಲಿ ಶ್ವಾಸಕೋಶದ ಕಾಯಿಲೆಯಿಂದ ತೀರಿಕೊಂಡನು. ಆಗ ಅವನಿಗೆ ಐವತ್ತು ತುಂಬಿರಲಿಲ್ಲ.

ದಾರಿ ತೋರಿದ್ದು ಗೆರೆಗಳು. ಸೂರ್ಯನ ಬೆಳಕನ್ನು ಪಟ್ಟಕದ ಮೂಲಕ ಹರಡಿದಾಗ ಕಾಣುವ ಬಣ್ಣದ ಪಟ್ಟಿಯನ್ನು ರೋಹಿತವೆನ್ನುತ್ತೇವೆ. ಅದರಲ್ಲಿ ನೂರಾರು ಕಪ್ಪು ಗೆರೆಗಳಿರುವುದನ್ನು ಜರ್ಮನಿಯ ಫ್ರೌನ್‌ಹೋಫರ್ 1814ರಲ್ಲಿ ಗುರುತಿಸಿ ಪ್ರಮುಖವಾದವುಗಳಿಗೆ ಅಕ್ಷರಗಳ ಹೆಸರಿಟ್ಟಿದ್ದನು. ಫ್ರಾನ್ಸಿನ ಫಿಜೋ 1848ರಲ್ಲಿ, ನೋಡಬೇಕಾದ್ದು ಬಣ್ಣವನ್ನಲ್ಲ, ಗೆರೆಗಳು ತಮ್ಮ ಸ್ಥಾನದಿಂದ ಕದಲುವುದನ್ನು ಎಂದು ಹೇಳಿದನು. 1859ರಲ್ಲಿ ಕಿರ್ಖಾಫ್ ಮತ್ತು ಬುನ್ಸೆನ್ ಪ್ರತಿಯೊಂದು ಮೂಲವಸ್ತುವಿಗೂ ತನ್ನದೇ ಗೆರೆಗಳಿವೆಯೆಂದು ತೋರಿಸಿದರು. ಉಪ್ಪು ಬಿದ್ದ ಒಲೆಯ ಜ್ವಾಲೆಯ ಹಳದಿ ಸೋಡಿಯಮ್ಮಿನದು. ರೋಹಿತದಲ್ಲಿ ಅದು ‘ಡಿ’ ಎಂಬ ಅವಳಿ ಗೆರೆ. ಜಲಜನಕದ ಕೆಂಪು ಗೆರೆ ‘ಸಿ’, ನೀಲಿ ಗೆರೆ ‘ಎಫ್’. ಸ್ಥಾನ ಗೊತ್ತಿರುವ ಗೆರೆ ಸಿಕ್ಕಿದರೆ ಅದು ಎಷ್ಟು ಸರಿದಿದೆಯೆಂದು ಅಳೆಯಬಹುದು. ಗೆರೆ ಎಷ್ಟು ಸರಿದಿದೆಯೋ ಅದೇ ಪಾಲಿನಲ್ಲಿ ವೇಗ. ಬಟ್ಟೆಗೆ ಗಜವಿದ್ದಂತೆ ನಕ್ಷತ್ರಕ್ಕೂ ಒಂದು ಅಳತೆಗೋಲು ಸಿಕ್ಕಿತು.

ಈ ಅಳತೆಗೋಲನ್ನು ಮೊದಲು ನಕ್ಷತ್ರಕ್ಕೆ ಹಿಡಿದವನು ಲಂಡನ್ನಿನ ವಿಲಿಯಂ ಹಗ್ಗಿನ್ಸ್, ಗ್ರಹಣದ ವರ್ಷವಾದ 1868ರ ಮೇ ತಿಂಗಳಲ್ಲಿ. ಲುಬ್ಧಕ ನಕ್ಷತ್ರದ ‘ಎಫ್’ ಗೆರೆಯನ್ನು ಪ್ರಯೋಗಶಾಲೆಯ ಜಲಜನಕದ ಗೆರೆಯೊಡನೆ ಹೋಲಿಸಿ, ಅದು ಸೆಕೆಂಡಿಗೆ ಸುಮಾರು 29 ಮೈಲಿ ವೇಗದಲ್ಲಿ ನಮ್ಮಿಂದ ದೂರ ಹೋಗುತ್ತಿದೆಯೆಂದು ಪ್ರಕಟಿಸಿದನು. ಇಂದಿನ ಅಳತೆಯಂತೆ ಲುಬ್ಧಕವು ಸೆಕೆಂಡಿಗೆ ಐದಾರು ಕಿಲೋಮೀಟರಿನಂತೆ ನಮ್ಮತ್ತಲೇ ಬರುತ್ತಿದೆ. ಮೊದಲ ಅಳತೆಯ ಪ್ರಮಾಣ ತಪ್ಪಿತ್ತು, ದಿಕ್ಕೂ ತಪ್ಪಿತ್ತು. ಆದರೂ ವಿಧಾನ ಸರಿಯಿತ್ತು. ಕಣ್ಣಿನ ಬದಲು ಛಾಯಾಚಿತ್ರ ಬಂದ ಮೇಲೆ, 1888ರ ಹೊತ್ತಿಗೆ, ಜರ್ಮನಿಯ ಪಾಟ್ಸ್‌ಡಾಮಿನಲ್ಲಿ ಫೋಗೆಲ್ ಅದನ್ನು ನಂಬಲರ್ಹವನ್ನಾಗಿಸಿದನು.

ಈಗ ಜಮಖಂಡಿಗೆ ಮರಳೋಣ. ಆಗ ಅದು ಪಟವರ್ಧನ ಮನೆತನದ ಸಂಸ್ಥಾನ. ಗಡಹಿಂಗ್ಲಜ ಕೊಲ್ಹಾಪುರ ಸಂಸ್ಥಾನದ್ದು, ಇಚಲಕರಂಜಿ ಅದರ ಅಧೀನದ ಘೋರ್ಪಡೆಯವರ ಜಹಗೀರು. ಇಂದು ನಮ್ಮನ್ನೂ ಜಮಖಂಡಿಯನ್ನೂ ಬೇರೆ ಬೇರೆ ರಾಜ್ಯಗಳಲ್ಲಿರಿಸಿದ ಗೆರೆಯನ್ನು ಇನ್ನೂ ಯಾರೂ ಎಳೆದಿರಲಿಲ್ಲ. ದುರ್ಬೀನಿಗೆ ಕಣ್ಣಿಟ್ಟಿದ್ದವನು ಲೆಫ್ಟಿನೆಂಟ್ ಜಾನ್ ಹರ್ಷೆಲ್. ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲನ ಮೊಮ್ಮಗ, ಭಾರತದ ಮಹಾ ತ್ರಿಕೋನಮಿತಿ ಸರ್ವೆಯಲ್ಲಿದ್ದ ಎಂಜಿನಿಯರ್. ಲಂಡನ್ನಿನ ರಾಯಲ್ ಸೊಸೈಟಿ ಅವನಿಗೆ ರೋಹಿತದರ್ಶಕವನ್ನು ಒದಗಿಸಿತ್ತು. ವಿಜಾಪುರದಲ್ಲಿ ಕ್ಯಾಪ್ಟನ್ ಹೇಗ್, ಗುಂಟೂರಿನಲ್ಲಿ ಮೇಜರ್ ಟೆನೆಂಟ್ ಮತ್ತು ಫ್ರಾನ್ಸಿನ ಜಾನ್ಸೆನ್, ಮಚಲೀಪಟ್ಟಣದಲ್ಲಿ ಮದ್ರಾಸ್ ವೀಕ್ಷಣಾಲಯದ ಪಾಗ್ಸನ್ ಇದ್ದರು. ಅತ್ತ ಸಯಾಮಿನಲ್ಲಿ ಸ್ವತಃ ದೊರೆ ಮೊಂಗ್‌ಕುಟ್ ತಾನೇ ಗಣಿಸಿದ ಗ್ರಹಣವನ್ನು ನೋಡಲು ಕಾಡಿಗೆ ಹೋಗಿ, ಅಲ್ಲಿ ಹತ್ತಿದ ಜ್ವರದಿಂದ ಕೆಲವೇ ವಾರಗಳಲ್ಲಿ ಮಡಿದನು.

ಎಲ್ಲರ ಮುಂದೆಯೂ ಒಂದೇ ಪ್ರಶ್ನೆಯಿತ್ತು. ಖಗ್ರಾಸದ ಹೊತ್ತಿನಲ್ಲಿ ಚಂದ್ರನ ಅಂಚಿನ ಸುತ್ತ ಕಾಣುವ ಕೆಂಪು ನಾಲಗೆಗಳಂತಹ ಸೌರ ಚಾಚಿಕೆಗಳು ಏನು? ಮೋಡಗಳು ಜಮಖಂಡಿಯಲ್ಲಿ ಹರ್ಷೆಲನನ್ನು ಬಹಳ ಕಾಡಿದವು. ಸಿಕ್ಕ ಚೂರು ಸಮಯದಲ್ಲಿ ಅವನು ಚಾಚಿಕೆಯೊಂದರತ್ತ ರೋಹಿತದರ್ಶಕವನ್ನು ತಿರುಗಿಸಿದಾಗ ಕಂಡದ್ದು ಮೂರು ಉಜ್ವಲ ಗೆರೆಗಳು: ಕೆಂಪು, ಕಿತ್ತಳೆಗೆ ತಿರುಗಿದ ಹಳದಿ, ನೀಲಿ. ಬಿಡಿ ಗೆರೆಗಳು ಬಂದವೆಂದರೆ ಅದು ಕಾದ ಅನಿಲ. ಪ್ರಶ್ನೆಗೆ ಉತ್ತರ ಸಿಕ್ಕಿತು. ಕೆಂಪು ನೀಲಿಗಳು ಜಲಜನಕದವು. ಹಳದಿ ಗೆರೆ ಸೋಡಿಯಮ್ಮಿನ ‘ಡಿ’ ಎಂದೇ ಅವನಿಗೂ ಇತರ ವೀಕ್ಷಕರಿಗೂ ತೋರಿತು. ಅವರ ಉಪಕರಣದ ಸೂಕ್ಷ್ಮತೆಗೆ ಅದಕ್ಕಿಂತ ಹೆಚ್ಚು ಹೇಳುವ ಶಕ್ತಿಯಿರಲಿಲ್ಲ.

ಜಾನ್ಸೆನ್ ಮರುದಿನವೇ ಗುಂಟೂರಿನಲ್ಲಿ, ಗ್ರಹಣವಿಲ್ಲದೆಯೂ ಆ ಗೆರೆಗಳನ್ನು ನೋಡುವ ವಿಧಾನವನ್ನು ಕಂಡುಕೊಂಡನು. ಇಂಗ್ಲೆಂಡಿನಲ್ಲಿ ನಾರ್ಮನ್ ಲಾಕ್ಯರ್ ಅಕ್ಟೋಬರ್ 20ರಂದು ಸ್ವತಂತ್ರವಾಗಿ ಅದನ್ನೇ ಸಾಧಿಸಿದನು. ಇಬ್ಬರ ಪತ್ರಗಳೂ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯಲ್ಲಿ ಒಂದೇ ದಿನ ಓದಲ್ಪಟ್ಟವು. ಬಿಡುವಾಗಿ ಅಳೆಯಲು ಸಾಧ್ಯವಾದ ಲಾಕ್ಯರನಿಗೆ ಹಳದಿ ಗೆರೆ ‘ಡಿ’ಯ ಮೇಲಲ್ಲ, ಅದರ ಪಕ್ಕದಲ್ಲಿದೆ ಎಂಬುದು ಸ್ಪಷ್ಟವಾಯಿತು. ಸೋಡಿಯಮ್ಮಿನ ಅವಳಿ ಗೆರೆಗಳ ತರಂಗದೂರ 589.0 ಮತ್ತು 589.6 ನ್ಯಾನೋಮೀಟರ್. ಇದರದು ಸುಮಾರು 587.6.

ನಮ್ಮ ಹತ್ತನೆಯ ತರಗತಿಯ ಮಕ್ಕಳ ಮುಂದೆ ಇಡಬಹುದಾದ ಪ್ರಶ್ನೆ ಇಲ್ಲಿದೆ. ಅದು ಸೋಡಿಯಮ್ಮಿನ ಗೆರೆಯೇ ಆಗಿದ್ದು, ಅನಿಲ ನಮ್ಮತ್ತ ನುಗ್ಗುತ್ತಿದ್ದುದರಿಂದ ನೀಲಿಯ ಕಡೆಗೆ ಸರಿದಿರಬಾರದೇಕೆ? ಲೆಕ್ಕ ಮಾಡೋಣ. 589ರಲ್ಲಿ 1.4ರಷ್ಟು ಸರಿಯಲು ಅನಿಲವು ಸೆಕೆಂಡಿಗೆ ಸುಮಾರು 700 ಕಿ.ಮೀ. ವೇಗದಲ್ಲಿ ನಮ್ಮತ್ತ ಬರಬೇಕು. ಹಾಗೆ ಬಂದರೆ ಅದೇ ಚಾಚಿಕೆಯ ಜಲಜನಕದ ಕೆಂಪು ನೀಲಿ ಗೆರೆಗಳೂ ಅದೇ ಪಾಲಿನಲ್ಲಿ ಸರಿಯಬೇಕಿತ್ತು. ಅವು ತಮ್ಮ ಸ್ಥಾನದಲ್ಲೇ ಇದ್ದವು. ಇನ್ನೂ ಒಂದು ಮಾತು: ಸೋಡಿಯಮ್ಮಿನ ಗೆರೆಗಳು ಅವಳಿ. ಸರಿದರೂ ಅವಳಿಯಾಗಿಯೇ ಸರಿಯಬೇಕು. ಲಾಕ್ಯರನಿಗೆ ಕಂಡದ್ದು ಒಂಟಿ ಗೆರೆ. ಚಲನೆಯ ವಿವರಣೆ ಇಲ್ಲಿ ಹೊಂದುವುದಿಲ್ಲ. ಉಳಿದ ದಾರಿ ಒಂದೇ: ಭೂಮಿಯ ಮೇಲೆ ಅಂದಿಗೆ ಯಾರೂ ಕಾಣದ ವಸ್ತು. ಸೂರ್ಯನ ಗ್ರೀಕ್ ಹೆಸರಿನಿಂದ ಅದು ಹೀಲಿಯಂ ಎನಿಸಿಕೊಂಡಿತು. ನಂಬದವರೇ ಬಹಳ ಮಂದಿ. 1895ರಲ್ಲಿ ವಿಲಿಯಂ ರ್ಯಾಮ್ಸೆ ಒಂದು ಯುರೇನಿಯಂ ಅದಿರಿನಿಂದ ಆ ಅನಿಲವನ್ನು ಹೊರತೆಗೆದ ಮೇಲೆ ವಾದ ಮುಗಿಯಿತು. ಡಾಪ್ಲರನ ನಿಯಮ ಎಲ್ಲಿ ಅನ್ವಯಿಸುವುದಿಲ್ಲವೆಂದು ತಿಳಿಯುವುದೂ ಅದನ್ನು ತಿಳಿದಷ್ಟೇ ಮುಖ್ಯವಾಯಿತು. ಅನ್ವಯಿಸುವ ಕಡೆ ಲಾಕ್ಯರನೇ ಅದನ್ನು ಬಳಸಿದನು. 1869ರಲ್ಲಿ ಚಾಚಿಕೆಗಳ ‘ಎಫ್’ ಗೆರೆ ಅಲ್ಲಲ್ಲಿ ಬಾಗಿ ತಿರುಚಿಕೊಂಡಿರುವುದನ್ನು ಕಂಡು, ಸೂರ್ಯನ ಮೇಲಿನ ಬಿರುಗಾಳಿಗಳು ಸೆಕೆಂಡಿಗೆ ಹತ್ತಾರು ಮೈಲಿ ವೇಗದಲ್ಲಿ ಬೀಸುತ್ತವೆಂದು ಲೆಕ್ಕ ಹಾಕಿದನು.

ಇನ್ನು ಆ ತಪ್ಪು ಕಥೆ. ಕೊಲ್ಹಾಪುರದಿಂದ ಪಶ್ಚಿಮಕ್ಕೆ ನೇರ ಅಳತೆಯಲ್ಲಿ ನೂರು ಕಿಲೋಮೀಟರಿನಷ್ಟು ದೂರದ ವಿಜಯದುರ್ಗದ ಕೋಟೆಗೆ ನಮ್ಮ ಮಕ್ಕಳು ಪ್ರವಾಸ ಹೋದಾಗ, ‘ಸಾಹೇಬನ ಕಟ್ಟೆ’ಗಳನ್ನು ತೋರಿಸಿ, 1868ರ ಆಗಸ್ಟ್ 18ರಂದು ಲಾಕ್ಯರ್ ಇಲ್ಲಿಯೇ ನಿಂತು ಹೀಲಿಯಮ್ಮನ್ನು ಕಂಡುಹಿಡಿದನೆಂದು ಹೇಳುತ್ತಾರೆ. ಆ ದಿನವನ್ನು ಅಲ್ಲಿ ಉತ್ಸವದಂತೆ ಆಚರಿಸುವುದೂ ಉಂಟು. ನಾವೂ ಬಹಳ ವರ್ಷ ಅದನ್ನೇ ಮಕ್ಕಳಿಗೆ ಹೇಳಿಕೊಟ್ಟವರು. ಆದರೆ 1868ರಲ್ಲಿ ಲಾಕ್ಯರ್ ಭಾರತಕ್ಕೆ ಬಂದಿರಲಿಲ್ಲ, ಇಂಗ್ಲೆಂಡಿನಲ್ಲೇ ಇದ್ದನು. ಅವನು ವಿಜಯದುರ್ಗಕ್ಕೆ ಬಂದದ್ದು ಮೂವತ್ತು ವರ್ಷಗಳ ನಂತರ, 1898ರ ಜನವರಿ 22ರ ಖಗ್ರಾಸಕ್ಕೆ. ಆಗ ಕೋಟೆಯೊಳಗೆ ಅವನ ತಂಡ ಬೀಡುಬಿಟ್ಟದ್ದು ನಿಜ, ನೌಕಾಪಡೆಯ ಹಡಗಿನ ಸಿಬ್ಬಂದಿ ನೆರವಾದದ್ದೂ ನಿಜ. ಜನರ ನೆನಪಿನಲ್ಲಿ ಎರಡು ಗ್ರಹಣಗಳು ಕೂಡಿ ಒಂದಾಗಿವೆ. ವಿಜಯದುರ್ಗದ ಮಾನ ಇದರಿಂದ ಕಡಿಮೆಯಾಗಬೇಕಿಲ್ಲ. 1898ರ ಕಥೆಯೂ ಹೇಳತಕ್ಕದ್ದೇ. ಆದರೆ 1868ರಲ್ಲಿ ಆ ಹಳದಿ ಗೆರೆಯನ್ನು ಕಂಡವರಲ್ಲಿ ಒಬ್ಬನು ನಿಂತ ಜಮಖಂಡಿಯ ಹೆಸರು ಮರೆತುಹೋಗಿ, ಯಾರೂ ನಿಲ್ಲದ ಕಟ್ಟೆಗೆ ಆ ಪಾಲು ಸಂದಿರುವುದು ನಮಗೆ ಸರಿಯೆನಿಸುವುದಿಲ್ಲ. ಶಾಲೆಯಾದರೂ ತೇದಿಯನ್ನು ಸರಿಯಾಗಿ ಹೇಳಬೇಕು.

1898ರ ಗ್ರಹಣದ ಇನ್ನೊಂದು ಬೀಡು ಸೋಲಾಪುರ ಜಿಲ್ಲೆಯ ಜೇವೂರಿನ ಬಳಿಯಿತ್ತು. ಪುಣೆಯ ವೀಕ್ಷಣಾಲಯದ ನಾಯಗಾಂವಾಲಾ ಅಲ್ಲಿದ್ದರು. ಅಮೆರಿಕದ ಲಿಕ್ ವೀಕ್ಷಣಾಲಯದ ಕ್ಯಾಂಪ್‌ಬೆಲ್ ಸಹ ಅಲ್ಲಿಗೆ ಬಂದಿದ್ದನು. ಅವನ ಉದ್ದೇಶ ನಮ್ಮ ವಿಷಯಕ್ಕೆ ನೇರವಾಗಿ ಸೇರಿದುದು. ಸೂರ್ಯ ತನ್ನ ಸುತ್ತ ತಾನು ತಿರುಗುವುದರಿಂದ ಅವನ ಒಂದು ಅಂಚು ಸೆಕೆಂಡಿಗೆ ಸುಮಾರು 2 ಕಿ.ಮೀ. ವೇಗದಲ್ಲಿ ನಮ್ಮತ್ತ ಬರುತ್ತದೆ, ಇನ್ನೊಂದು ಅಷ್ಟೇ ವೇಗದಲ್ಲಿ ದೂರ ಹೋಗುತ್ತದೆ. ಗೆರೆಗಳ ಸರಿತದಿಂದ ಇದನ್ನು 1871ರಲ್ಲೇ ಫೋಗೆಲ್ ತೋರಿಸಿದ್ದನು. ಹಾಗಾದರೆ ಖಗ್ರಾಸದಲ್ಲಿ ಮಾತ್ರ ಕಾಣುವ ಹೊರಗಿನ ಕಿರೀಟವೂ ಸೂರ್ಯನೊಡನೆ ತಿರುಗುತ್ತದೆಯೇ? ಕಿರೀಟದ ಬೆಳಕಿನಲ್ಲಿ ಒಂದು ಹಸಿರು ಗೆರೆಯುಂಟು. ಎರಡೂ ಅಂಚುಗಳಲ್ಲಿ ಅದರ ಸ್ಥಾನವನ್ನು ಹಿಡಿದು ಹೋಲಿಸುವುದು ಕ್ಯಾಂಪ್‌ಬೆಲ್ಲನ ಯೋಜನೆ. ಕೈಯಲ್ಲಿದ್ದ ಸಮಯ ಕೆಲವೇ ನಿಮಿಷ. ತಿರುಗಾಟದ ನಿಯಮ ಖಚಿತವಾಗಲಿಲ್ಲ. ಆದರೆ ಆ ಹಸಿರು ಗೆರೆಯ ಸ್ಥಾನವನ್ನೇ ಎಲ್ಲರೂ ಅದುವರೆಗೆ ತಪ್ಪಾಗಿ ನಂಬಿದ್ದರೆಂಬುದು ಬೆಳಕಿಗೆ ಬಂತು. ಅದು 530.3 ನ್ಯಾನೋಮೀಟರಿನಲ್ಲಿದೆ.

ಅದೇ ಗ್ರಹಣಕ್ಕಾಗಿ ಮೊದಲ ಬಾರಿಗೆ ಭಾರತಕ್ಕೆ ಬಂದವನು ಜಾನ್ ಎವರ್‌ಶೆಡ್. 1907ರಲ್ಲಿ ಕೊಡೈಕನಾಲ್ ವೀಕ್ಷಣಾಲಯದ ಕೆಲಸಕ್ಕೆ ಸೇರಿದ ಅವನು 1909ರ ಜನವರಿಯಲ್ಲಿ ಸೂರ್ಯಕಲೆಗಳ ಗೆರೆಗಳಲ್ಲಿ ಒಂದು ವಿಚಿತ್ರವನ್ನು ಕಂಡನು. ಕಲೆ ಸೂರ್ಯಬಿಂಬದ ನಡುವೆ ಇದ್ದಾಗ ಸರಿತವಿಲ್ಲ. ಅಂಚಿನ ಹತ್ತಿರ ಬಂದಾಗ ಕಲೆಯ ಒಂದು ಪಕ್ಕದ ಗೆರೆ ನೀಲಿಗೆ, ಇನ್ನೊಂದು ಪಕ್ಕದ್ದು ಕೆಂಪಿಗೆ ಸರಿಯುತ್ತದೆ. ಅನಿಲವು ಕಲೆಯ ನಡುವಿನಿಂದ ಹೊರಕ್ಕೆ, ಮೇಲ್ಮೈಗೆ ಸಮಾನಾಂತರವಾಗಿ ಹರಿಯುತ್ತಿದೆಯೆಂದು ಇದರ ಅರ್ಥ. ಜಗತ್ತು ಇದನ್ನು ‘ಎವರ್‌ಶೆಡ್ ಪರಿಣಾಮ’ವೆಂದೇ ಕರೆಯುತ್ತದೆ. ಆ ವೀಕ್ಷಣಾಲಯ ಇಂದು ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆಗೆ ಸೇರಿದೆ.

ಮುಂದಿನ ಹೆಜ್ಜೆ ಆಕಾಶಗಂಗೆಗಳದು. 1912ರಲ್ಲಿ ಅಮೆರಿಕದ ಸ್ಲೈಫರ್ ಆಂಡ್ರೊಮೆಡ ಸೆಕೆಂಡಿಗೆ 300 ಕಿ.ಮೀ. ವೇಗದಲ್ಲಿ ನಮ್ಮತ್ತ ಬರುತ್ತಿರುವುದನ್ನು ಅಳೆದನು. ಆದರೆ ಉಳಿದ ಹೆಚ್ಚಿನವುಗಳ ಗೆರೆಗಳು ಕೆಂಪಿನತ್ತಲೇ ಸರಿದಿದ್ದವು. 1929ರಲ್ಲಿ ಹಬಲ್, ದೂರ ಹೆಚ್ಚಿದಂತೆ ಈ ಕೆಂಪು ಪಲ್ಲಟವೂ ಹೆಚ್ಚುತ್ತದೆಯೆಂದು ತೋರಿಸಿದನು. ಇದನ್ನು ಹಲವರು ಡಾಪ್ಲರ್ ಪರಿಣಾಮವೆಂದೇ ವಿವರಿಸುತ್ತಾರೆ. ಬಿಗಿಯಾಗಿ ಹೇಳಬೇಕೆಂದರೆ ಅದು ಹಾಗಲ್ಲ. ಬೆಳಕು ದಾರಿಯಲ್ಲಿದ್ದಾಗ ದೇಶವೇ ಹಿಗ್ಗುವುದರಿಂದ ಅಲೆಯೂ ಹಿಗ್ಗುತ್ತದೆ. ಹತ್ತಿರದ ಆಕಾಶಗಂಗೆಗಳಿಗೆ ಮಾತ್ರ ಎರಡು ಲೆಕ್ಕಗಳೂ ಒಂದೇ ಉತ್ತರ ಕೊಡುತ್ತವೆ.

ಈ ಕೆಂಪು ಪಲ್ಲಟದ ಅರ್ಥವನ್ನು ಜೀವನಪೂರ್ತಿ ಪ್ರಶ್ನಿಸುತ್ತ ಬಂದವರು ನಮ್ಮ ಕೊಲ್ಹಾಪುರದಲ್ಲೇ 1938ರ ಜುಲೈ 19ರಂದು ಹುಟ್ಟಿದ ಜಯಂತ ನಾರಳೀಕರರು. ಅವರ ತಂದೆ, ಗಣಿತಜ್ಞ ವಿಷ್ಣು ನಾರಳೀಕರರೂ ಕೊಲ್ಹಾಪುರದವರೇ. ಕೇಂಬ್ರಿಡ್ಜಿನಲ್ಲಿ ಫ್ರೆಡ್ ಹಾಯ್ಲ್ ಅವರ ಶಿಷ್ಯರಾಗಿ, ವಿಶ್ವಕ್ಕೆ ಒಂದು ಮಹಾಸ್ಫೋಟದ ಆರಂಭವಿತ್ತೆಂಬ ವಾದವನ್ನು ಅವರು ಒಪ್ಪಲಿಲ್ಲ. 1993ರಲ್ಲಿ ಹಾಯ್ಲ್ ಮತ್ತು ಬರ್ಬಿಜ್ ಅವರೊಡನೆ ಬೇರೊಂದು ವಿಶ್ವಸಿದ್ಧಾಂತವನ್ನು ಮಂಡಿಸಿದರು. ಕ್ವೇಸಾರ್‌ಗಳೆಂಬ ಕಾಯಗಳ ಕೆಂಪು ಪಲ್ಲಟವೆಲ್ಲವೂ ವಿಶ್ವದ ಹಿಗ್ಗುವಿಕೆಯಿಂದಲೇ ಬಂದುದೆಂದು ಹೇಳಲಾಗದೆಂಬ ಮಾತನ್ನೂ ಗಂಭೀರವಾಗಿ ಪರಿಶೀಲಿಸಿದರು. ಹೆಚ್ಚಿನ ವಿಜ್ಞಾನಿಗಳು ಅವರ ಪಕ್ಷಕ್ಕೆ ಬರಲಿಲ್ಲ. 2025ರ ಮೇ 20ರಂದು ಪುಣೆಯಲ್ಲಿ ಅವರು ತೀರಿಕೊಂಡಾಗ ನಮ್ಮ ಶಿಕ್ಷಕರ ಕೋಣೆಯಲ್ಲಿ ಈ ಕುರಿತು ಮಾತು ಬಂತು. ಬಹುಮತದ ಎದುರು ನಿಂತು ಗೆಲ್ಲದವರನ್ನು ಮಕ್ಕಳಿಗೆ ಆದರ್ಶವೆಂದು ಹೇಳಬಹುದೇ ಎಂದು ಒಬ್ಬರು ಕೇಳಿದರು. ಗೆರೆ ಸರಿದಿದೆ ಎಂಬುದು ಅಳತೆ, ಏಕೆ ಸರಿದಿದೆ ಎಂಬುದು ವಾದ, ಇವೆರಡನ್ನೂ ಬೇರ್ಪಡಿಸಿ ನೋಡಲು ಕಲಿಸಿದವರು ಅವರು ಎಂಬುದು ಇನ್ನೊಬ್ಬರ ಉತ್ತರ. ಹಳದಿ ಗೆರೆಯ ಕಥೆ ಬಲ್ಲ ನಮಗೆ ಎರಡನೆಯವರ ಮಾತು ಹಿಡಿಸಿತು.

ಕೊನೆಯದಾಗಿ ಆ ಹಸಿರು ಗೆರೆಯ ವಿಷಯ. 2023ರ ಸೆಪ್ಟೆಂಬರ್ 2ರಂದು ಹಾರಿದ ಆದಿತ್ಯ-ಎಲ್1 ನೌಕೆ ಮರುವರ್ಷ ಜನವರಿಯಲ್ಲಿ ಭೂಮಿಯಿಂದ 15 ಲಕ್ಷ ಕಿ.ಮೀ. ದೂರದ ತನ್ನ ನೆಲೆಯನ್ನು ಸೇರಿತು. ಅದರ ಮುಖ್ಯ ಉಪಕರಣವನ್ನು ಭಾರತೀಯ ಖಭೌತ ಸಂಸ್ಥೆಯವರು ಹೊಸಕೋಟೆಯ ತಮ್ಮ ಕೇಂದ್ರದಲ್ಲಿ ಕಟ್ಟಿದರು. ಆ ಉಪಕರಣದೊಳಗಿನ ಒಂದು ತಡೆ ಸೂರ್ಯನ ಬಿಂಬವನ್ನು ಚಂದ್ರನಂತೆ ಮರೆಮಾಡುತ್ತದೆ. ಅದಕ್ಕೆ ಗ್ರಹಣ ಬೇಡ, ಮೋಡದ ಭಯವೂ ಇಲ್ಲ. ಜೇವೂರಿನ ಬಳಿ ಕ್ಯಾಂಪ್‌ಬೆಲ್ ಕೆಲವೇ ನಿಮಿಷಗಳಲ್ಲಿ ಹಿಡಿಯಲು ಹೊರಟಿದ್ದ 530.3 ನ್ಯಾನೋಮೀಟರಿನ ಅದೇ ಗೆರೆ ಎತ್ತ ಸರಿಯುತ್ತದೆ, ಎಷ್ಟು ಸರಿಯುತ್ತದೆ ಎಂದು ನೋಡಲು ಅದು ಈಗ ದಿನವೂ ಸೂರ್ಯನತ್ತ ಮುಖಮಾಡಿದೆ.